ಪೇಟೆಯ ಸುದ್ದಿ, ತೋಟದ ಮಾತು



ಒಂದು ವ್ಯಾಪಾರ ನಡೆಯಬೇಕಾದರೆ ಏನೇನು ಬೇಕು ಎಂದು ಕೇಳಿದರೆ ನೀವು ಥಟ್ಟನೆ ಉತ್ತರ ಕೊಡುತ್ತೀರಿ. ಬಂಡವಾಳ ಬೇಕು, ಸರಕು ಬೇಕು, ದುಡಿಯುವ ಕೈಗಳು ಬೇಕು, ಕೊಳ್ಳುವ ಗಿರಾಕಿ ಬೇಕು. ನಿಮ್ಮ ವಾಣಿಜ್ಯಶಾಸ್ತ್ರದ ಪಠ್ಯಪುಸ್ತಕವೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಆದರೆ ಈ ನಾಲ್ಕೂ ಇದ್ದು ಕೈಸುಟ್ಟುಕೊಂಡವರು ನಮ್ಮ ಸುತ್ತ ಬೇಕಾದಷ್ಟು ಜನ ಇದ್ದಾರೆ. ಸರಕು ಇರುವ ಊರಿಗೂ ಗಿರಾಕಿ ಇರುವ ಊರಿಗೂ ನಡುವೆ ಮಾತು ಓಡಾಡಬೇಕು. ಆ ಮಾತು ನಿಂತರೆ ಗೋದಾಮಿನಲ್ಲಿ ಸರಕು ಕೊಳೆಯುತ್ತದೆ, ಅಂಗಡಿಯಲ್ಲಿ ಗಿರಾಕಿ ಬರಿಗೈಯಲ್ಲಿ ಹಿಂದಿರುಗುತ್ತಾನೆ. ಈ ಓಡಾಟಕ್ಕೆ ನಾವು ಸಂವಹನ ಎಂದು ಹೆಸರಿಟ್ಟಿದ್ದೇವೆ.

ಸಂವಹನದ ಚರಿತ್ರೆ ಎಂದರೆ ಅಂಚೆ, ತಂತಿ, ದೂರವಾಣಿ ಎಂದು ಯಂತ್ರಗಳ ಪಟ್ಟಿ ಹೇಳಿ ಮುಗಿಸುವುದು ಸುಲಭ. ನಾವು ಇಲ್ಲಿ ಬೇರೆ ಪ್ರಶ್ನೆ ಕೇಳೋಣ. ಸುದ್ದಿ ಯಾರಿಗೆ ಮೊದಲು ಮುಟ್ಟುತ್ತಿತ್ತು? ಯಾರಿಗೆ ತಡವಾಗಿ ಮುಟ್ಟುತ್ತಿತ್ತು? ತಡವಾಗಿ ಮುಟ್ಟಿದ್ದಕ್ಕೆ ನಷ್ಟ ಕಟ್ಟಿಕೊಟ್ಟವರು ಯಾರು?

ಉತ್ತರ ಹುಡುಕಲು ದಕ್ಷಿಣ ಕನ್ನಡ ಜಿಲ್ಲೆಯ ಮೂರು ಊರುಗಳನ್ನು ಆರಿಸಿಕೊಳ್ಳೋಣ. ಮಂಗಳೂರಿನಿಂದ ಪೂರ್ವಕ್ಕೆ ಸುಮಾರು 25 ಕಿಲೋಮೀಟರು ಹೋದರೆ ನೇತ್ರಾವತಿಯ ದಡದಲ್ಲಿ ಬಂಟ್ವಾಳ. ಇನ್ನೂ ಒಳಕ್ಕೆ, ಪಶ್ಚಿಮ ಘಟ್ಟದ ಬುಡದಲ್ಲಿ ಬೆಳ್ತಂಗಡಿ. ಮಂಗಳೂರಿನಿಂದ ಈಶಾನ್ಯಕ್ಕೆ ಕಾರ್ಕಳದ ದಾರಿಯಲ್ಲಿ ಮೂಡುಬಿದಿರೆ. ಈ ಊರುಗಳ ಸುತ್ತ ಮೆಣಸು, ಅಡಿಕೆ, ಭತ್ತ, ತೆಂಗು ಬೆಳೆಯುತ್ತವೆ. ಅಡಿಕೆಯನ್ನು ತಿನ್ನುವವರು ಮಾತ್ರ ಬಹುಪಾಲು ನೂರಾರು ಮೈಲಿ ದೂರದ ಗುಜರಾತ್, ರಾಜಸ್ಥಾನ, ಮಹಾರಾಷ್ಟ್ರಗಳಲ್ಲಿದ್ದಾರೆ. ಬೆಳೆಯುವವನು ತಿನ್ನುವವನ ಮುಖವನ್ನೇ ನೋಡದ ಇಂಥ ವ್ಯಾಪಾರದಲ್ಲಿ ಸುದ್ದಿಗೆ ಎಷ್ಟು ಬೆಲೆ ಇರಬೇಕೆಂದು ನೀವೇ ಊಹಿಸಿ.

ಹಡಗಿನಲ್ಲಿ ಬಂದ ಕಾಗದಗಳು

ಮೊದಲು ಸುಮಾರು ಒಂಬತ್ತು ಶತಮಾನಗಳಷ್ಟು ಹಿಂದಕ್ಕೆ ಹೋಗೋಣ. 1132ರಿಂದ 1149ರವರೆಗಿನ ಸುಮಾರು 17 ವರ್ಷ ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ವ್ಯಾಪಾರ ಮಾಡಿಕೊಂಡಿದ್ದ. ಅವನ ಹುಟ್ಟೂರು ಆಫ್ರಿಕದ ಉತ್ತರದಲ್ಲಿರುವ ಟ್ಯುನೀಷಿಯ. ಅವನ ಪಾಲುದಾರರು ಕೆಂಪು ಸಮುದ್ರದ ಬಾಗಿಲಲ್ಲಿರುವ ಏಡನ್ ಬಂದರಿನಲ್ಲಿದ್ದರು. ಮಂಗಳೂರಿನಿಂದ ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಅಲ್ಲಿಗೆ ಹೋಗುತ್ತಿದ್ದವು.

ಇದು ನಮಗೆ ತಿಳಿದದ್ದು ಹೇಗೆ? ದೇವರ ಹೆಸರಿರುವ ಕಾಗದವನ್ನು ನಾಶಮಾಡಬಾರದೆಂಬುದು ಯಹೂದಿಗಳ ನಂಬಿಕೆ. ಹಾಗಾಗಿ ಈಜಿಪ್ಟಿನ ಕೈರೊ ನಗರದ ಒಂದು ಪ್ರಾರ್ಥನಾ ಮಂದಿರದ ಕೋಣೆಯಲ್ಲಿ ಹಳೆಯ ಕಾಗದಗಳು ಶತಮಾನಗಳ ಕಾಲ ರಾಶಿ ಬಿದ್ದಿದ್ದವು. ಅವುಗಳಲ್ಲಿ ಬೆನ್ ಯಿಜುವಿಗೆ ಬಂದ ವ್ಯಾಪಾರದ ಪತ್ರಗಳೂ ಇದ್ದವು. ಲೇಖಕ ಅಮಿತಾವ್ ಘೋಷ್ ಈ ಪತ್ರಗಳ ಬೆನ್ನು ಹತ್ತಿ ಮಂಗಳೂರಿಗೂ ಬಂದು 1992ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು.

ಏಡನ್‌ನ ದೊಡ್ಡ ವರ್ತಕ ಮದ್ಮೂನ್ ಬರೆದ ಪತ್ರಗಳಲ್ಲಿ ಏನಿದೆ ಎಂದು ಗಮನಿಸಿ. ಕಳಿಸಿದ ಸರಕಿನಲ್ಲಿ ಯಾವುದು ತಲುಪಿತು, ಎಷ್ಟಕ್ಕೆ ಮಾರಾಟವಾಯಿತು, ಪೇಟೆಯಲ್ಲಿ ಮೆಣಸಿನ ಸ್ಥಿತಿ ಹೇಗಿದೆ, ಮುಂದೆ ಏನು ಕಳಿಸಬೇಕು ಎಂಬ ವಿವರಗಳಿವೆ. ಇಂದಿನ ಕಂಪೆನಿಯ ಮಾರಾಟ ವಿಭಾಗ ಕಳಿಸುವ ವರದಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಹಡಗುಗಳು ಮಾನ್ಸೂನ್ ಗಾಳಿಯನ್ನು ನಂಬಿಕೊಂಡಿದ್ದ ಕಾಲ ಅದು. ಒಂದು ಪ್ರಶ್ನೆಗೆ ಉತ್ತರ ಬರಲು ಒಂದು ಋತುವೇ ಕಳೆಯಬೇಕಾಗಿತ್ತು. ಆದ್ದರಿಂದ ಮುಖ್ಯವಾದ ಪತ್ರಕ್ಕೆ ಪ್ರತಿ ಮಾಡಿ ಬೇರೆ ಬೇರೆ ಹಡಗುಗಳಲ್ಲಿ ಕಳಿಸುವ ರೂಢಿ ಆ ವರ್ತಕರಲ್ಲಿತ್ತು. ಒಂದು ಹಡಗು ಮುಳುಗಿದರೂ ಮಾತು ಮುಳುಗಬಾರದು ಎಂಬ ಎಚ್ಚರ ಅದು. ನಮ್ಮ ಕಡೆ ಆಗ ಬರವಣಿಗೆ ತಾಳೆಗರಿಯ ಮೇಲೆ ನಡೆಯುತ್ತಿದ್ದುದರಿಂದ ಪತ್ರ ಬರೆಯಲು ಬೇಕಾದ ಕಾಗದವನ್ನೂ ಸ್ನೇಹಿತರು ಏಡನ್‌ನಿಂದ ಉಡುಗೊರೆಯಾಗಿ ಕಳಿಸುತ್ತಿದ್ದರು!

ಈ ಪತ್ರಗಳಲ್ಲಿ ಒಂದು ತಕರಾರೂ ಇದೆ. ಏಲಕ್ಕಿ ಒದಗಿಸುತ್ತೇನೆಂದು ಸ್ಥಳೀಯನೊಬ್ಬ ಮುಂಗಡ ಪಡೆದು ಸರಕು ಕೊಡಲಿಲ್ಲ. ಏಡನ್‌ನ ಪಾಲುದಾರರು ಆ ಹಣದ ಬಗ್ಗೆ ಮತ್ತೆ ಮತ್ತೆ ಬರೆದರು. ಜಗಳವಿದ್ದರೂ ಪತ್ರ ನಿಲ್ಲಲಿಲ್ಲ, ಪತ್ರ ನಿಲ್ಲದ್ದರಿಂದ ವ್ಯಾಪಾರವೂ ಮುರಿಯಲಿಲ್ಲ. ಬೆನ್ ಯಿಜುವಿನ ಪರವಾಗಿ ಏಡನ್‌ಗೆ ಹೋಗಿಬರುತ್ತಿದ್ದ ಆಳಿನ ಹೆಸರನ್ನು ವಿದ್ವಾಂಸರು ಬೊಮ್ಮ ಎಂದು ಓದಿದ್ದಾರೆ. ಅವನು ತುಳುನಾಡಿನವನೇ ಇರಬೇಕೆಂಬುದು ಘೋಷ್ ಅವರ ಊಹೆ. ಪತ್ರಗಳಲ್ಲಿ ಪಾಲುದಾರರು ಅವನಿಗೂ ನಮಸ್ಕಾರ ತಿಳಿಸುತ್ತಾರೆ. ಸುದ್ದಿ ಹೊತ್ತವನಿಗೆ ಗೌರವ ಇತ್ತು.

ಆದರೆ ಘಟ್ಟದ ಬುಡದಲ್ಲಿ ಮೆಣಸು ಕೊಯ್ಯುತ್ತಿದ್ದವನಿಗೆ ಏಡನ್‌ನ ದರ ಗೊತ್ತಿತ್ತೇ? ಪತ್ರಗಳಲ್ಲಿ ಅವನ ಮಾತು ಎಲ್ಲೂ ಕೇಳಿಸುವುದಿಲ್ಲ.

ಕಲ್ಲಿನ ಮೇಲೆ ಕೆತ್ತಿದ ಮಾತು

ವಿಜಯನಗರದ ಕಾಲಕ್ಕೆ ಬಂದರೆ ಕರಾವಳಿಯ ಒಳನಾಡಿನಲ್ಲಿ ಮೂಡುಬಿದಿರೆ ಸಿರಿವಂತ ವರ್ತಕರ ಊರಾಗಿ ಕಾಣಿಸುತ್ತದೆ. ಅಲ್ಲಿನ ಹದಿನೆಂಟು ಬಸದಿಗಳಲ್ಲಿ ಸಾವಿರ ಕಂಬದ ಬಸದಿ ಹೆಸರಾದದ್ದು. 1430ರ ಈ ಬಸದಿಗೆ ಜೈನ ಸೆಟ್ಟಿಗಳು ಧಾರಾಳವಾಗಿ ಹಣ ಕೊಟ್ಟಿದ್ದರು. ನೀವು ಅಲ್ಲಿಗೆ ಪ್ರವಾಸ ಹೋದಾಗ ಮುಂಭಾಗದ ಮಂಟಪದ ಅಡಿಪಟ್ಟಿಯ ಕೆತ್ತನೆಗಳನ್ನು ನಿಧಾನವಾಗಿ ನೋಡಿ. ಅಲ್ಲಿ ಆಫ್ರಿಕದ ಜಿರಾಫೆ ಇದೆ, ಚೀನೀಯರ ಡ್ರ್ಯಾಗನ್ ಇದೆ. ನಮ್ಮ ಕಾಡಿನಲ್ಲಿ ಇಲ್ಲದ ಪ್ರಾಣಿಯ ಆಕಾರ ಇಲ್ಲಿನ ಶಿಲ್ಪಿಯ ಉಳಿಗೆ ಸಿಕ್ಕಿದೆ ಎಂದರೆ, ಸರಕು ಹೋದ ದಾರಿಯಲ್ಲೇ ದೂರದೇಶದ ಸುದ್ದಿಯೂ ಬಂದಿತ್ತು ಎಂದಾಯಿತು.

ಕರಾವಳಿಯ ಶಾಸನಗಳಲ್ಲಿ ಸೆಟ್ಟಿಕಾರರು, ಹಲರು, ನಖರ, ಹಂಜಮಾನ ಎಂಬ ಹೆಸರುಗಳು ಬರುತ್ತವೆ. ಇವು ವರ್ತಕರ ಸಂಘಗಳು. ದತ್ತಿ ಕೊಟ್ಟ ಭೂಮಿ ಯಾವುದು, ಅದರ ಎಲ್ಲೆ ಎಲ್ಲಿಂದ ಎಲ್ಲಿಗೆ, ಎಷ್ಟು ಅಕ್ಕಿ ಯಾರಿಗೆ ಸಲ್ಲಬೇಕು, ಸಾಕ್ಷಿ ಯಾರು ಎಂಬುದನ್ನೆಲ್ಲ ಕಲ್ಲಿನಲ್ಲಿ ಬರೆಸಿ ಎಲ್ಲರಿಗೂ ಕಾಣುವಲ್ಲಿ ನಿಲ್ಲಿಸುತ್ತಿದ್ದರು. ಬಾಯಿಮಾತನ್ನು ಮರೆಯಬಹುದು, ಗರಿಯನ್ನು ಬಚ್ಚಿಡಬಹುದು, ಕಲ್ಲನ್ನು ಬಚ್ಚಿಡುವುದು ಕಷ್ಟ. ವ್ಯವಹಾರದಲ್ಲಿ ನಂಬಿಕೆ ಹುಟ್ಟಬೇಕಾದರೆ ಮಾತು ಎಲ್ಲರೆದುರು ಬಿಚ್ಚಿಟ್ಟಂತಿರಬೇಕು ಎಂಬ ಪಾಠ ಇದರಲ್ಲಿದೆ. ಈ ಪಾಠ ಅಡಿಕೆಯ ಪೇಟೆಗೆ ಬರಲು ಮಾತ್ರ ಬಹಳ ಕಾಲ ಹಿಡಿಯಿತು.

ಹೊಳೆಯ ದಡದ ಪೇಟೆ

ಬಂಟ್ವಾಳ ಬೆಳೆದದ್ದು ಹೊಳೆಯಿಂದ. ಘಟ್ಟದ ಮೇಲಿನ ಸರಕು ಎತ್ತುಗಳ ಮೇಲೆ, ಆಮೇಲೆ ಗಾಡಿಗಳಲ್ಲಿ ಇಳಿದು ಇಲ್ಲಿಗೆ ಬರುತ್ತಿತ್ತು. ಇಲ್ಲಿಂದ ದೋಣಿಗಳಲ್ಲಿ ಮಂಗಳೂರಿನ ಬಂದರಿಗೆ ಹೋಗುತ್ತಿತ್ತು. ಅದೇ ದೋಣಿಗಳು ಹಿಂದಿರುಗುವಾಗ ಉಪ್ಪು ಮುಂತಾದ ಪದಾರ್ಥಗಳನ್ನು ತರುತ್ತಿದ್ದವು. ಬೆಳ್ತಂಗಡಿ, ಉಪ್ಪಿನಂಗಡಿ ಎಂಬ ಹೆಸರುಗಳ ಕೊನೆಯಲ್ಲಿ ಅಂಗಡಿ ಎಂಬ ಮಾತು ಇರುವುದನ್ನು ನೀವು ಗಮನಿಸಿರಬಹುದು. ಘಟ್ಟದಿಂದ ಕಡಲಿನವರೆಗಿನ ದಾರಿಯಲ್ಲಿ ಪೇಟೆಗಳು ಹೀಗೆ ಸಾಲಾಗಿ ಹುಟ್ಟಿಕೊಂಡಿದ್ದವು.

ಈ ಪೇಟೆಯ ಭಾಷೆಯನ್ನು ಗಮನಿಸಿ. ತೋಟದವನ ಮಾತು ಹೆಚ್ಚಾಗಿ ತುಳು. ಅಂಗಡಿಯ ಗಲ್ಲದ ಹಿಂದೆ ಕೊಂಕಣಿ. ಬ್ಯಾರಿ ವ್ಯಾಪಾರಿಗಳ ಮನೆಮಾತು ಬ್ಯಾರಿ ಭಾಷೆ. ಕಾಗದಪತ್ರಕ್ಕೆ ಕನ್ನಡ. ಹೊರನಾಡಿನ ದೊಡ್ಡ ವರ್ತಕರೊಡನೆ ಹಿಂದೂಸ್ತಾನಿ, ಗುಜರಾತಿ. ಒಂದು ಮೂಟೆ ಅಡಿಕೆ ತೋಟದಿಂದ ಮುಂಬಯಿಗೆ ಹೋಗುವಷ್ಟರಲ್ಲಿ ಮೂರು ನಾಲ್ಕು ಭಾಷೆಗಳನ್ನು ದಾಟುತ್ತಿತ್ತು. ಹೆಚ್ಚು ಭಾಷೆ ಬಲ್ಲವನು ನಡುವೆ ನಿಲ್ಲುತ್ತಿದ್ದ. ದಲ್ಲಾಳಿಯ ನಿಜವಾದ ಬಂಡವಾಳ ಹಣಕ್ಕಿಂತ ಹೆಚ್ಚಾಗಿ ಈ ಭಾಷೆ ಮತ್ತು ಸುದ್ದಿಯೇ ಆಗಿತ್ತು.

ಇದನ್ನು ಚೆನ್ನಾಗಿ ಅರಿತಿದ್ದ ಇನ್ನೊಂದು ದೊಡ್ಡ ವ್ಯಾಪಾರ ಸಂಸ್ಥೆ ಈಸ್ಟ್ ಇಂಡಿಯಾ ಕಂಪೆನಿ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕೆನರಾ ಸೀಮೆ ಕಂಪೆನಿಯ ಕೈಸೇರಿತು. ಮರುವರ್ಷವೇ ಗವರ್ನರ್ ಜನರಲ್ ವೆಲ್ಲೆಸ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಈ ಹೊಸ ಪ್ರದೇಶಗಳ ಸಂಚಾರಕ್ಕೆ ಕಳಿಸಿದ. 1801ರಲ್ಲಿ ಬುಕಾನನ್ ನಮ್ಮ ಜಿಲ್ಲೆಯಲ್ಲಿ ಸಂಚರಿಸಿದ. ಯಾವ ಮಣ್ಣಿನಲ್ಲಿ ಏನು ಬೆಳೆಯುತ್ತದೆ, ಅಳತೆ ಯಾವುದು, ಗೇಣಿ ಎಷ್ಟು, ದರ ಏನು ಎಂದು ಕೇಳಿ ಕೇಳಿ ಬರೆದುಕೊಂಡ. ಅವನ ಪುಸ್ತಕ 1807ರಲ್ಲಿ ಲಂಡನ್‌ನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಹೀಗೆ ಇಲ್ಲಿನ ತೋಟದ ಸುದ್ದಿ ಲಂಡನ್ ಸೇರಿತು. ಲಂಡನ್ನಿನ ಪೇಟೆಯ ಸುದ್ದಿ ಇಲ್ಲಿನ ತೋಟಕ್ಕೆ ಬರಲಿಲ್ಲ.

ತಂತಿ ಬಂತು, ಯಾರಿಗೆ?

19ನೇ ಶತಮಾನದಲ್ಲಿ ಅಚ್ಚುಮೊಳೆ, ಅಂಚೆ, ತಂತಿ ಒಂದರ ಹಿಂದೊಂದು ಬಂದವು. ಮಂಗಳೂರಿನ ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದರು. 1855ರಲ್ಲಿ ಭಾರತದ ತಂತಿ ಸೇವೆ ಸಾರ್ವಜನಿಕರಿಗೆ ತೆರೆಯಿತು. ವಾರಗಟ್ಟಲೆ ಹಿಡಿಯುತ್ತಿದ್ದ ಸುದ್ದಿ ಗಂಟೆಗಳಲ್ಲಿ ಬರತೊಡಗಿತು. ಇದರಿಂದ ಎಲ್ಲರಿಗೂ ಒಳ್ಳೆಯದಾಗಿರಬೇಕಲ್ಲವೇ?

ಒಂದು ಕಲ್ಪಿತ ಲೆಕ್ಕ ಮಾಡಿ ನೋಡೋಣ. ಒಂದು ಸೋಮವಾರ ಮುಂಬಯಿಯಲ್ಲಿ ಅಡಿಕೆಯ ದರ ನೂರರಿಂದ ನೂರ ಇಪ್ಪತ್ತಕ್ಕೆ ಏರಿತು ಎನ್ನಿ. ಮಂಗಳೂರಿನ ಮಂಡಿಗೆ ಅಂದೇ ತಂತಿ ಬಂತು. ಬೆಳ್ತಂಗಡಿಯ ಹಳ್ಳಿಯೊಂದರ ಬೆಳೆಗಾರನಿಗೆ ವಿಷಯ ಗೊತ್ತಾಗುವುದು ಹತ್ತು ದಿನ ಕಳೆದ ಮೇಲೆ. ನಡುವಿನ ಹತ್ತು ದಿನ ಅವನು ಹಳೆಯ ದರಕ್ಕೇ ಮಾರುತ್ತಾನೆ. ಆ ಇಪ್ಪತ್ತು ಯಾರ ಪಾಲಿಗೆ? ಈಗ ದರ ಇಳಿಯಿತು ಎನ್ನಿ. ತಂತಿ ಓದಿದವನು ಆ ಕ್ಷಣವೇ ಖರೀದಿ ನಿಲ್ಲಿಸುತ್ತಾನೆ. ಅಂಗಳದ ತುಂಬ ಅಡಿಕೆ ಹರವಿಕೊಂಡ ಬೆಳೆಗಾರ ಕಾರಣ ತಿಳಿಯದೆ ಕಾಯುತ್ತಾನೆ. ಏರಿದರೂ ಇಳಿದರೂ ಕತ್ತಲಲ್ಲಿ ಇದ್ದವನಿಗೇ ಪೆಟ್ಟು. ಸುದ್ದಿ ಬೇಗ ಬಂದದ್ದು ನಿಜ. ಅದು ಒಂದು ತುದಿಗೆ ಮಾತ್ರ ಬೇಗ ಬಂದಾಗ ಎರಡು ತುದಿಗಳ ನಡುವಿನ ಅಂತರ ಹೆಚ್ಚಾಯಿತು.

ಇದರ ಜೊತೆಗೆ ಗುಟ್ಟಿನ ವ್ಯಾಪಾರವೂ ಇತ್ತು. ನಮ್ಮ ದೇಶದ ಅನೇಕ ಪೇಟೆಗಳಲ್ಲಿ ಕೊಳ್ಳುವವನೂ ದಲ್ಲಾಳಿಯೂ ವಸ್ತ್ರದ ಮರೆಯಲ್ಲಿ ಒಬ್ಬರ ಬೆರಳನ್ನೊಬ್ಬರು ಹಿಡಿದು ದರ ಗೊತ್ತುಮಾಡುತ್ತಿದ್ದರು. ಎದುರಿಗೇ ನಿಂತ ಬೆಳೆಗಾರನಿಗೆ ಬಟ್ಟೆ ಅಲ್ಲಾಡುವುದು ಕಾಣುತ್ತಿತ್ತು, ದರ ಕಾಣುತ್ತಿರಲಿಲ್ಲ. ತೂಕ, ಕಳೆತ, ಕಮಿಷನ್ನಿನ ಲೆಕ್ಕವೂ ಅವನಿಗೆ ಗೊತ್ತಾಗುತ್ತಿದ್ದುದು ಹಣ ಕೈಗೆ ಬಂದಾಗಲೇ. ನಿಯಂತ್ರಿತ ಮಾರುಕಟ್ಟೆಗಳು ಬಂದದ್ದು ಈ ಬಟ್ಟೆಯನ್ನು ಸರಿಸುವುದಕ್ಕಾಗಿ. ನಮ್ಮ ರಾಜ್ಯದಲ್ಲಿ 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆ ಬಹಿರಂಗ ಹರಾಜಿನಂಥ ತೆರೆದ ವಿಧಾನಗಳಿಗೆ ದಾರಿ ಮಾಡಿತು.

ಬೆಳೆಗಾರರೇ ಕಟ್ಟಿದ ಸಂಸ್ಥೆ

ಕಾಯಿದೆಯೊಂದರಿಂದಲೇ ಎಲ್ಲವೂ ಸರಿಹೋಗಲಿಲ್ಲ. 1970ರ ದಶಕದ ಆರಂಭದಲ್ಲಿ ಅಡಿಕೆಯ ಧಾರಣೆ ಕುಸಿಯಿತು. ಆಗ ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಕೃಷಿಕ ವಾರಣಾಶಿ ಸುಬ್ರಾಯ ಭಟ್ಟರು ಬೆಳೆಗಾರರನ್ನು ಒಟ್ಟುಗೂಡಿಸಿದರು. ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಸೇರಿ 1973ರ ಜುಲೈ 11ರಂದು ಮಂಗಳೂರಿನಲ್ಲಿ ಕ್ಯಾಂಪ್ಕೊ ಸಹಕಾರ ಸಂಸ್ಥೆಯನ್ನು ಸ್ಥಾಪಿಸಿದರು. ಸುಬ್ರಾಯ ಭಟ್ಟರೇ ಅದರ ಸ್ಥಾಪಕ ಅಧ್ಯಕ್ಷರು.

ಕ್ಯಾಂಪ್ಕೊ ಎಂದರೆ ಅಡಿಕೆ ಕೊಳ್ಳುವ ಸಂಸ್ಥೆ ಎಂದೇ ಎಲ್ಲರೂ ತಿಳಿದಿದ್ದಾರೆ. ಸಂವಹನದ ದೃಷ್ಟಿಯಿಂದ ನೋಡಿದರೆ ಅದು ಸುದ್ದಿಯ ಸಂಸ್ಥೆಯೂ ಹೌದು. ಉತ್ತರ ಭಾರತದ ಪೇಟೆಗಳಲ್ಲಿ ಅದು ತನ್ನದೇ ಮಾರಾಟದ ವ್ಯವಸ್ಥೆ ಮಾಡಿಕೊಂಡಿತು. ಅಲ್ಲಿನ ಬೇಡಿಕೆ ಹೇಗಿದೆ ಎಂಬ ಸುದ್ದಿ ಮೊದಲ ಬಾರಿಗೆ ಬೆಳೆಗಾರರ ಸಂಸ್ಥೆಗೆ ನೇರವಾಗಿ ಬರತೊಡಗಿತು. ಇತ್ತ ಹಳ್ಳಿಯ ಕಡೆ ಖರೀದಿ ಕೇಂದ್ರಗಳಲ್ಲಿ ಅದರ ದರ ಬಹಿರಂಗವಾಯಿತು. ಆ ದರ ಪತ್ರಿಕೆಗಳಲ್ಲೂ ಅಚ್ಚಾಗತೊಡಗಿದ ಮೇಲೆ ಬೆಳೆಗಾರ ತನ್ನ ಅಡಿಕೆಯನ್ನು ಖಾಸಗಿ ವರ್ತಕನಿಗೆ ಮಾರುವಾಗಲೂ ಹೆದರಬೇಕಿರಲಿಲ್ಲ. 'ಕ್ಯಾಂಪ್ಕೊದಲ್ಲಿ ಇಷ್ಟಿದೆ, ನೀವೆಷ್ಟು ಕೊಡುತ್ತೀರಿ?' ಎಂದು ಕೇಳುವ ಧೈರ್ಯ ಅವನಿಗೆ ಬಂತು. ಚೌಕಾಸಿಗೆ ಬೇಕಾದ ಮೊದಲ ಬಲ ಮಾಹಿತಿಯೇ ಅಲ್ಲವೇ?

ಹೊಸ ಅಡಿಕೆ, ಹಳೆ ಅಡಿಕೆ, ಡಬ್ಬಲ್ ಚೋಲ್, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂಬ ವರ್ಗಗಳನ್ನು ನೀವು ಪತ್ರಿಕೆಯ ಧಾರಣೆಯ ಅಂಕಣದಲ್ಲಿ ಓದಿರಬಹುದು. ಇವು ಒಂದು ಬಗೆಯ ಸಂಕೇತ ಭಾಷೆ. ಕಾಣದೆಯೇ ಕೊಳ್ಳುವ ದೂರದ ವ್ಯಾಪಾರಿಗೂ ತೋಟದವನಿಗೂ ಒಂದೇ ಶಬ್ದದಿಂದ ಒಂದೇ ಅರ್ಥ ಹೊಳೆಯಬೇಕು. ವರ್ಗೀಕರಣದಲ್ಲಿ ಕಪಟ ನಡೆದರೆ ದರ ಸರಿಯಾಗಿದ್ದರೂ ಮೋಸವೇ.

1980ರ ಹೊತ್ತಿಗೆ ಕೊಕ್ಕೊಗೂ ಇದೇ ಕಷ್ಟ ಬಂತು. ಅಡಿಕೆ ತೋಟದ ನಡುವೆ ಉತ್ಸಾಹದಿಂದ ಕೊಕ್ಕೊ ನೆಟ್ಟವರು ಕೊಳ್ಳುವವರಿಲ್ಲದೆ ಕಂಗಾಲಾದರು. ಕ್ಯಾಂಪ್ಕೊ ಕೊಕ್ಕೊ ಖರೀದಿಗೂ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ತೆರೆಯಿತು.

ಮಾತು ಎರಡೂ ಕಡೆ ಹರಿಯಬೇಕು

ಇಲ್ಲಿ ಸ್ವಲ್ಪ ವಿಜ್ಞಾನ. 1948ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಕ್ಲಾಡ್ ಶಾನನ್ ಸಂವಹನಕ್ಕೆ ಗಣಿತದ ರೂಪ ಕೊಟ್ಟರು. ಅವರ ಪ್ರಕಾರ ಒಂದು ಸಂದೇಶ ನಮ್ಮ ಅನಿಶ್ಚಿತತೆಯನ್ನು ಎಷ್ಟು ಕಡಿಮೆ ಮಾಡುತ್ತದೋ ಅಷ್ಟು ಅದರಲ್ಲಿ ಮಾಹಿತಿ ಇದೆ. ಕೇಳುವವನಿಗೆ ಮೊದಲೇ ತಿಳಿದಿದ್ದನ್ನು ಹೇಳಿದರೆ ಮಾಹಿತಿ ಸೊನ್ನೆ. ದಾರಿಯಲ್ಲಿ ಗದ್ದಲ ಸೇರಿದರೆ ಸಂದೇಶ ಕೆಡುತ್ತದೆ. ಗದ್ದಲವನ್ನು ಗೆಲ್ಲಲು ಮಾತನ್ನು ಇನ್ನೊಮ್ಮೆ ಹೇಳಬೇಕು. ಬೆನ್ ಯಿಜುವಿನ ಕಾಲದ ವರ್ತಕರು ಎರಡು ಹಡಗಿನಲ್ಲಿ ಒಂದೇ ಪತ್ರ ಕಳಿಸಿದ್ದು ಇದೇ ತತ್ತ್ವ. ನಮ್ಮ ದೂರದರ್ಶನದ ಸ್ಟುಡಿಯೋದಲ್ಲಿ ನಾನು ನಿಯಂತ್ರಣ ಕೊಠಡಿಯಿಂದ ಹೇಳಿದ್ದನ್ನು ಕ್ಯಾಮೆರಾದವರು ಕೇಳಿಸಿಕೊಂಡದ್ದಕ್ಕೆ ಮರುಸೂಚನೆ ಕೊಡಬೇಕು. ಮರುಸೂಚನೆ ಬಾರದ ಆಜ್ಞೆ ಅರ್ಧ ಆಜ್ಞೆ.

ವ್ಯವಹಾರದಲ್ಲೂ ಹಾಗೆಯೇ. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ 1956ರಿಂದ ಅಡಿಕೆ ಸಂಶೋಧನಾ ಕೇಂದ್ರವಿದೆ. 'ಮಂಗಳ' ಎಂಬ ತಳಿ ಅಲ್ಲಿಂದಲೇ ಬಂದದ್ದು. 1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾಯಿತು. ಕೃಷಿಯ ಸಲಹೆ ಮನೆಯ ಜಗಲಿಗೇ ಬಂದು ಮುಟ್ಟಿತು. ಆದರೆ ಇವೆಲ್ಲ ಮೇಲಿನಿಂದ ಕೆಳಗೆ ಹರಿಯುವ ಮಾತು. ಬೆಳೆಗಾರ ತನ್ನ ಅನುಭವವನ್ನು ಹೇಳುವುದು ಎಲ್ಲಿ? 1988ರಲ್ಲಿ ಪುತ್ತೂರಿನಿಂದ ಹೊರಟ 'ಅಡಿಕೆ ಪತ್ರಿಕೆ' ಈ ಕೊರತೆಯನ್ನು ತುಂಬಿತು. ಶ್ರೀಪಡ್ರೆಯವರೂ ಅವರ ಸಂಗಡಿಗರೂ ಕೃಷಿಕರ ಕೈಗೇ ಲೇಖನಿ ಕೊಟ್ಟರು. ಬರೆಯಲು ಬಾರದು ಎನ್ನುತ್ತಿದ್ದವರಿಗೆ ಶಿಬಿರ ನಡೆಸಿ ಬರವಣಿಗೆ ಕಲಿಸಿದರು. ಬೆನ್ ಯಿಜುವಿನ ಪತ್ರಗಳಲ್ಲಿ ಕೇಳಿಸದಿದ್ದ ತೋಟದವನ ದನಿ ಎಂಟೂವರೆ ಶತಮಾನಗಳ ನಂತರ ಅಚ್ಚಿನಲ್ಲಿ ಕೇಳಿಸಿತು.

ಬೆಳ್ತಂಗಡಿಯಲ್ಲಿ ಇನ್ನೊಂದು ಬಗೆ ನೋಡಬಹುದು. 1982ರಲ್ಲಿ ಈ ತಾಲೂಕಿನಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಆರಂಭವಾಯಿತು. ಅದರ ಪ್ರಗತಿಬಂಧು ಗುಂಪುಗಳಲ್ಲಿ ಕೆಲವೇ ಮಂದಿ ಸಣ್ಣ ರೈತರು ಸೇರಿ ಒಬ್ಬರ ಹೊಲದಲ್ಲಿ ಇನ್ನೊಬ್ಬರು ಸರದಿಯಂತೆ ದುಡಿಯುತ್ತಾರೆ, ವಾರಕ್ಕೊಮ್ಮೆ ಸಭೆ ಸೇರುತ್ತಾರೆ. ವಾರದ ಸಭೆ ಸಣ್ಣ ವಿಷಯವಾಗಿ ಕಾಣಬಹುದು. ಆದರೆ ಮುಖಾಮುಖಿ ಕೂತು ಲೆಕ್ಕ ಮಾತಾಡುವಲ್ಲಿ ಅನುಮಾನ ಬೆಳೆಯುವುದು ಕಷ್ಟ.

ಕೈಯಲ್ಲಿ ಬಂದ ದೂರವಾಣಿ

1986ರಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ನಮ್ಮ ದೇಶದ ಎಂಜಿನಿಯರುಗಳೇ ರೂಪಿಸಿದ ಸಿ-ಡಾಟ್ ಗ್ರಾಮೀಣ ದೂರವಾಣಿ ವಿನಿಮಯ ಕೇಂದ್ರ ಕೆಲಸ ಆರಂಭಿಸಿತು. ಹಳ್ಳಿಗಳಿಗೆ ದೂರವಾಣಿ ಹರಡಿತು. ಬಳಿಕ ಮೊಬೈಲು ಬಂತು. 2013ರ ಜುಲೈಯಲ್ಲಿ ತಂತಿ ಸೇವೆ ನಿಂತೇಹೋಯಿತು.

ಸುದ್ದಿ ಎರಡೂ ತುದಿಗೆ ಒಟ್ಟಿಗೆ ಮುಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನೆರೆಯಲ್ಲೇ ಪುರಾವೆ ಇದೆ. 1997ರಿಂದ 2001ರವರೆಗೆ ಕೇರಳದ ಉತ್ತರ ಕರಾವಳಿಗೆ, ಕೋಳಿಕ್ಕೋಡಿನಿಂದ ಕಾಸರಗೋಡಿನವರೆಗೆ, ಹಂತಹಂತವಾಗಿ ಮೊಬೈಲು ಬಂತು. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಅಲ್ಲಿನ ಬೂತಾಯಿ ಮೀನಿನ ಪೇಟೆಯನ್ನು ಅಧ್ಯಯನ ಮಾಡಿ 2007ರಲ್ಲಿ ವರದಿ ಪ್ರಕಟಿಸಿದರು. ಮೊದಲು ಒಂದು ದಕ್ಕೆಯಲ್ಲಿ ಕೊಳ್ಳುವವರಿಲ್ಲದೆ ಮೀನು ಚೆಲ್ಲುತ್ತಿದ್ದರು, ಕೆಲವೇ ಮೈಲಿ ಆಚೆ ಮೀನಿಲ್ಲದೆ ಗಿರಾಕಿ ಹಿಂದಿರುಗುತ್ತಿದ್ದ. ಮೊಬೈಲು ಬಂದ ಮೇಲೆ ದೋಣಿಯವರು ಕಡಲಿನಿಂದಲೇ ದರ ಕೇಳಿ ಯಾವ ದಕ್ಕೆಗೆ ಹೋಗಬೇಕೆಂದು ನಿರ್ಧರಿಸಿದರು. ಮೀನು ಚೆಲ್ಲುವುದು ನಿಂತಿತು. ಮೀನುಗಾರರ ಲಾಭ ಸರಾಸರಿ ಶೇಕಡಾ 8ರಷ್ಟು ಏರಿತು, ಗಿರಾಕಿ ಕೊಡುವ ಬೆಲೆ ಶೇಕಡಾ 4ರಷ್ಟು ಇಳಿಯಿತು. ಹಿಡಿಯುವವನಿಗೂ ತಿನ್ನುವವನಿಗೂ ಒಟ್ಟಿಗೆ ಲಾಭವಾಯಿತು.

ಹಾಗಾದರೆ ಸಮಸ್ಯೆ ಮುಗಿಯಿತೇ? ಇಲ್ಲ. ಇಂದು ಬೆಳೆಗಾರನ ಕೈಯಲ್ಲಿ ಸುದ್ದಿಯ ಬರವಿಲ್ಲ, ಗದ್ದಲದ ಕಾಟವಿದೆ. ಧಾರಣೆ ಬೀಳುತ್ತದೆ ಎಂಬ ಒಂದು ಗಾಳಿಸುದ್ದಿ ನಿಮಿಷದಲ್ಲಿ ಸಾವಿರ ಮೊಬೈಲುಗಳಿಗೆ ಹೋಗುತ್ತದೆ. ಗಾಬರಿಯಿಂದ ಮಾರಿದವನಿಗೆ ನಷ್ಟ, ಗಾಳಿಸುದ್ದಿ ಎಂದು ಬಲ್ಲವನಿಗೆ ಲಾಭ. ಹಳೆಯ ಕಾಲದಲ್ಲಿ ಸುದ್ದಿ ಯಾರಿಗೆ ಮುಟ್ಟಿತು ಎಂಬುದು ಪ್ರಶ್ನೆಯಾಗಿದ್ದರೆ, ಈಗ ಮುಟ್ಟಿದ ಸುದ್ದಿಯನ್ನು ಯಾರು ಪರೀಕ್ಷಿಸುತ್ತಾರೆ ಎಂಬುದು ಪ್ರಶ್ನೆ.

ನಾಳೆ ನಿಮ್ಮಲ್ಲಿ ಕೆಲವರು ಅಂಗಡಿ ತೆರೆಯುತ್ತೀರಿ, ಕೆಲವರು ಕಾರ್ಖಾನೆ ನಡೆಸುತ್ತೀರಿ, ಕೆಲವರು ತೋಟಕ್ಕೇ ಹಿಂದಿರುಗುತ್ತೀರಿ. ಯಾವ ಉದ್ಯಮವೇ ಆಗಲಿ, ನಿಮ್ಮ ದರ, ನಿಮ್ಮ ತೂಕ, ನಿಮ್ಮ ವರ್ಗೀಕರಣ ಎದುರಿನವನಿಗೂ ಕಾಣುವಂತಿರಲಿ. ನಿಮ್ಮ ಮಾತು ಅವನಿಗೆ ಮುಟ್ಟಲಿ, ಅವನ ಮಾತು ನಿಮ್ಮ ಮೇಜಿಗೂ ಬರಲಿ. ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಒಂದು ದಿನದ ಲಾಭ ಗಳಿಸಬಹುದು, ಎರಡನೆಯ ಸಲ ಅದೇ ಬೆಳೆಗಾರ ನಿಮ್ಮ ಅಂಗಡಿಯ ಮೆಟ್ಟಿಲು ಹತ್ತುವುದು ಅನುಮಾನ.

ತರಗತಿಯಲ್ಲಿ ಚರ್ಚಿಸಿ

1. ನಿಮ್ಮ ಊರಿನ ಮುಖ್ಯ ಬೆಳೆ ಅಥವಾ ಸರಕು ಯಾವುದು? ಅದರ ದರವನ್ನು ಯಾರು, ಎಲ್ಲಿ ನಿರ್ಧರಿಸುತ್ತಾರೆ?

2. ಅದೇ ಸರಕಿನ ದರವನ್ನು ಒಂದು ವಾರ ಪತ್ರಿಕೆಯಿಂದಲೂ ಅಂಗಡಿಯಿಂದಲೂ ಬರೆದುಕೊಳ್ಳಿ. ವ್ಯತ್ಯಾಸವಿದ್ದರೆ ಕಾರಣ ಹುಡುಕಿ.

3. ಮೊಬೈಲು ಬರುವ ಮೊದಲು ಪೇಟೆಯ ಸುದ್ದಿ ಹೇಗೆ ತಿಳಿಯುತ್ತಿತ್ತು ಎಂದು ಮನೆಯ ಹಿರಿಯರನ್ನು ಕೇಳಿ, ಅವರು ಹೇಳಿದ್ದನ್ನು ಒಂದು ಪುಟದಲ್ಲಿ ಬರೆಯಿರಿ.